ಪಿನ್ನು ಹಾಕಿದ ತೋಳು

ಕೋಟು ಅವಳ ಅಳತೆಗೇ ಹೊಲಿಸಿದಂತೆ ಕೂತಿತ್ತು. ಕಸಿವಿಸಿಯಾದದ್ದೂ ಅದಕ್ಕೇ. ಗಿರಾಕಿಗಳ ಬಟ್ಟೆಯನ್ನು ಮೈಗೆ ಹಾಕಿ ನೋಡಕೂಡದೆಂದು ಲಾಂಡ್ರಿಯ ಯಜಮಾನಿ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿದ್ದಳು. ಆದರೆ ಯಜಮಾನಿ ಅಂಗಡಿಗೆ ಬರುವುದು ಹೊತ್ತೇರಿದ ಮೇಲೆ. ಅದೂ ಅಲ್ಲದೆ ತೋಳು ಗಿಡ್ಡ ಮಾಡಿಸಲು ಈ ಕೋಟು ಕೊಟ್ಟ ಹೆಂಗಸು ಎತ್ತರದಲ್ಲಿ, ಬೆನ್ನಿನ ಅಗಲದಲ್ಲಿ, ಕೊನೆಗೆ ಒಂದು ಹೆಗಲು ತುಸು ಜಗ್ಗಿರುವುದರಲ್ಲೂ ತನ್ನ ಹಾಗೇ ಇದ್ದಾಳೆಂದು ಅಳತೆ ಹಿಡಿಯುವಾಗಲೇ ಗೊತ್ತಾಗಿತ್ತು. ಮೇಜಿನ ಮೇಲೆ ಹಾಸಿಕೊಂಡು ತೋಳು ಮಡಚುವುದಕ್ಕಿಂತ ತೊಟ್ಟು ನೋಡುವುದೇ ಸಲೀಸು ಎಂದು ತನಗೆ ತಾನೇ ನೆಪ ಹೇಳಿಕೊಂಡು ಅವಳು ಕನ್ನಡಿಯ ಮುಂದೆ ನಿಂತಿದ್ದಳು. ಎಡ ತೋಳು ಮಡಚಿ ಪಿನ್ನು ಹಾಕಿ ಆಗಿತ್ತು. ಬಲ ತೋಳು ಇನ್ನೂ ಬೆರಳ ತುದಿಯವರೆಗೆ ಇಳಿಬಿದ್ದಿತ್ತು. ಕುತ್ತಿಗೆಗೆ ತಾಗುವ ಮೆತ್ತನೆಯ ಕಾಲರು, ಬಟ್ಟೆಯೊಳಗಿಂದ ಏಳುವ ಯಾರದೋ ಸೆಂಟಿನ ವಾಸನೆ, ಜೇಬಿನೊಳಗೆ ಮತ್ತೊಂದು ಪುಟ್ಟ ಜೇಬು. ಕನ್ನಡಿಯಲ್ಲಿ ಕಂಡವಳು ಪೊಲೀಸರ ಹತ್ತಿರವೇ ಹೋಗಿ ದಾರಿ ಕೇಳಬಲ್ಲವಳು. ಅವಳ ಕತ್ತಿನ ಮೇಲೆ ತನ್ನ ಮುಖ ಮಾತ್ರ ಎಲ್ಲಿಂದಲೋ ತಂದು ಅಂಟಿಸಿದ ಹಾಗಿತ್ತು.

“ಓಹೋ, ಯಾರಪ್ಪ ಇವರು? ದೊಡ್ಡ ಮನೆಯವರು ನಮ್ಮ ಅಂಗಡಿಗೆ ಬಂದ್ಬಿಟ್ಟಿದ್ದಾರೆ!” ಎಂದು ಹಬೆಯ ಆಚೆಯಿಂದ ಇಸ್ತ್ರಿ ಅಣ್ಣ ಕೂಗಿದ.

“ತೋಳು ನೋಡ್ತಿದ್ದೆ ಅಣ್ಣ.”

“ತೋಳು ನೋಡೋಕೆ ಇಷ್ಟು ಹೊತ್ತು ಬೇಕೇನೇ? ಮುಖ ನೋಡ್ಕೋತಿದ್ದೆ ಅನ್ನು. ನೋಡ್ಕೋ, ನೋಡ್ಕೋ. ಕನ್ನಡಿಯೇನೂ ಸವೆದು ಹೋಗಲ್ಲ.”

ಅವನು ಅಂಗಡಿಯ ಹಿಂದಿನ ಮೂಲೆಯಲ್ಲಿ, ಬಾಯ್ಲರಿನ ಪಕ್ಕ, ಓಣಿಗೆ ತೆರೆಯುವ ಹಿಂಬಾಗಿಲಿಗೆ ಬೆನ್ನು ಹಾಕಿ ನಿಂತು ಇಸ್ತ್ರಿ ಮಾಡುತ್ತಿದ್ದ. ಎಂಥ ಚಳಿಗಾಲದಲ್ಲೂ ಬರಿಯ ಬನಿಯನ್ನು. ಮೊಣಕೈವರೆಗೆ ಕೆಂಪಗೆ ಬೆಂದಂತಿದ್ದ ಕೈಗಳು. ಈ ಪರದೇಶದಲ್ಲಿ ಮೊದಲ ಸಲ ಅವನ ಬಾಯಿಂದ ಕನ್ನಡ ಕೇಳಿದಾಗ ಅವಳಿಗೆ ಅಳು ಬಂದಿತ್ತು. ಏನೂ ವಿಶೇಷವಲ್ಲ, ಬೆರಳು ಸುಟ್ಟುಕೊಂಡು “ಅಯ್ಯಯ್ಯೋ” ಅಂದಿದ್ದ, ಅಷ್ಟೆ. ದಿನಾ ಬೆಳಿಗ್ಗೆ ಶಟರು ಎತ್ತುವ ಮೊದಲು ಅವನು ಹೆಂಡತಿಗೆ ಫೋನು ಮಾಡುತ್ತಿದ್ದ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಗಿಸಿಕೊಂಡೇ ನೀರು ತುಂಬಿಸುವುದು, ಮೇಜು ಒರೆಸುವುದು. ಮಾತು ಮುಗಿದುಹೋದಾಗ, “ತಗೋ, ನಿನ್ನ ಅತ್ತಿಗೆ ಹತ್ರ ಮಾತಾಡು” ಎಂದು ಅವಳ ಕಿವಿಗೆ ಒತ್ತಿಬಿಡುತ್ತಿದ್ದ. ಅವನು ಹೊರಟು ಬಂದಾಗ ಮಗಳು ತೊಟ್ಟಿಲಲ್ಲಿದ್ದಳಂತೆ. ಈಗ ಕಾಲೇಜು. ವೀಸಾ ತೀರಿ ಎಷ್ಟೋ ವರ್ಷ. ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ, ಹೋಗದಿದ್ದರೆ ಮನೆಯಿಲ್ಲ. “ಬರೋ ವರ್ಷ ಹೊರಟುಬಿಡ್ತೀನಿ ಕಣೇ” ಎಂದು ಪ್ರತಿ ಚಳಿಗಾಲವೂ ಹೇಳುತ್ತಿದ್ದ. ಅವಳೂ ಹೂಂಗುಟ್ಟುತ್ತಿದ್ದಳು. ಅವಳದೂ ಅದೇ ಕತೆ. ಆದರೆ ಹೋಗುವ ಮಾತನ್ನು ಅವಳು ಆಡುತ್ತಿರಲಿಲ್ಲ. ಹೋಗುವುದಾದರೂ ಯಾರ ಹತ್ತಿರ? ಗಂಡ ತೀರಿಕೊಂಡ ಮೇಲೆ ಗಂಡನ ಮನೆಯವರು ಕರೆಯಲಿಲ್ಲ. ತಾಯಿ ತಂದೆ ಮೊದಲೇ ಇರಲಿಲ್ಲ. ಇದ್ದವಳು ತಂಗಿಯೊಬ್ಬಳು, ಅವಳು ಇಲ್ಲಿದ್ದಳು.

ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಇಬ್ಬರು ಗಂಡಸರು, ಹಿಂದೆ ಒಬ್ಬ ಹೆಂಗಸು. ಬಟ್ಟೆ ಕೊಡಲು ಬಂದವರ ಕೈಯಲ್ಲಿ ಬಟ್ಟೆ ಇರುತ್ತದೆ, ಒಯ್ಯಲು ಬಂದವರ ಕೈಯಲ್ಲಿ ಚೀಟಿ ಇರುತ್ತದೆ. ಇವರ ಕೈ ಖಾಲಿ. ಅಷ್ಟು ಸಾಕಾಯಿತು. ಅವಳು ಕನ್ನಡಿಯನ್ನೇ ನೋಡುತ್ತ ನಿಂತಳು. ಕನ್ನಡಿಯಲ್ಲಿ ಅವಳ ಬೆನ್ನ ಹಿಂದಿನದೆಲ್ಲ ಕಾಣುತ್ತಿತ್ತು: ಕೌಂಟರಿನ ಮೇಲೆ ಕೈಯೂರಿ ಜೇಬಿನಿಂದ ಇಮಿಗ್ರೇಷನ್ ಇಲಾಖೆಯ ಗುರುತಿನ ಬಿಲ್ಲೆ ತೆಗೆಯುತ್ತಿದ್ದವನು, ಆಚೆ ತೂಗುವ ಬಟ್ಟೆಗಳ ಸಾಲು, ಸಾಲಿನ ಹಿಂದೆ ಹಬೆ, ಹಬೆಯೊಳಗೆ ಅಣ್ಣ. ಅವರಿಗೆ ಅವನಿನ್ನೂ ಕಂಡಿರಲಿಲ್ಲ. ಅವನ ಕಣ್ಣು ಹಿಂಬಾಗಿಲಿನ ಕಡೆ ಹೋದದ್ದನ್ನು ಅವಳು ಕಂಡಳು. ಅಗುಳಿ ಹಾಕಿರಲಿಲ್ಲ. ಎರಡು ಹೆಜ್ಜೆ ಹಿಂದಕ್ಕಿಟ್ಟಿದ್ದರೆ ಓಣಿ. ಆ ಕಣ್ಣು ಅಲ್ಲಿಂದ ಹೊರಳಿ ಅವಳ ಬೆನ್ನಿನ ಮೇಲೆ, ಕೋಟಿನ ಮೇಲೆ, ಬಂದು ನಿಂತಿತು. ಅವನು ಇಸ್ತ್ರಿ ಪೆಟ್ಟಿಗೆಯನ್ನು ಅದರ ತಟ್ಟೆಯ ಮೇಲೆ ಇಟ್ಟ. ಪಂಚೆಗೆ ಒರೆಸಿಕೊಳ್ಳುವಂತೆ ಪ್ಯಾಂಟಿಗೆ ಕೈ ಒರೆಸಿಕೊಂಡ. ಬಟ್ಟೆಗಳನ್ನು ಸರಿಸಿಕೊಂಡು ನೇರವಾಗಿ ಮುಂದಕ್ಕೆ ಬಂದ.

“ತೋಳು ಸರಿಯಾಗಿ ಬಂತಲ್ಲ ಮೇಡಂ? ಹಾಕ್ಕೊಂಡೇ ಹೋಗಿ. ಹೊರಗೆ ತುಂಬ ಚಳಿ ಇದೆ.”

ಅವನು ಹೇಳಿದ್ದು ಆ ದೇಶದ ಭಾಷೆಯಲ್ಲಿ. ಆದರೂ ಅವಳಿಗೆ ಅದು ಬಹುವಚನವಾಗಿಯೇ ಕೇಳಿಸಿತು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನು ಅವಳನ್ನು ಹಾಗೆ ಮಾತಾಡಿಸಿರಲಿಲ್ಲ. ಏನೇ, ಬಾರೇ, ಹೋಗೇ. ಈಗ ಅವನ ಮುಖದಲ್ಲಿ ಗಿರಾಕಿಗೆಂದು ತೆಗೆದಿಟ್ಟ ನಗು ಇತ್ತು. ಅದರಲ್ಲಿ ಅವಳ ಪರಿಚಯದ ಸುಳಿವೇ ಇರಲಿಲ್ಲ. ಅವಳಿಗೆ ಒಂದು ಗಳಿಗೆ, ಎಲ್ಲ ಬಿಟ್ಟು, ಅವಮಾನವಾಯಿತು. ಅವಳು “ಥ್ಯಾಂಕ್ಸ್” ಅಂದಳು. ಬಲಗೈಯನ್ನು ಮಡಚಿ ಉದ್ದದ ತೋಳನ್ನು ಎದೆಗೊತ್ತಿಕೊಂಡು ನಡೆದಳು. ಬಾಗಿಲ ಹತ್ತಿರ ನಿಂತಿದ್ದ ಆಫೀಸರ್ ಹೆಂಗಸು ಪಕ್ಕಕ್ಕೆ ಸರಿದು ಬಾಗಿಲು ಹಿಡಿದುಕೊಂಡಳು.

“ಹುಷಾರು, ಮೆಟ್ಟಿಲು ಜಾರುತ್ತೆ.”

ರಸ್ತೆಯಾಚೆ ಬಸ್ ನಿಲ್ದಾಣ. ಅಲ್ಲಿಯತನಕ ಕಾಲು ತಾನಾಗಿ ನಡೆಯಿತು. ಬೆಂಚಿನ ಹತ್ತಿರ ಬಂದಾಗ ತಾನಾಗಿ ನಿಂತಿತು. ಓಡಬಾರದು, ಕೋಟಿನವರು ಓಡುವುದಿಲ್ಲ. ಕೈಚೀಲ ಅಂಗಡಿಯಲ್ಲೇ ಉಳಿದಿತ್ತು, ಮಧ್ಯಾಹ್ನದ ಡಬ್ಬಿಯೂ. ಫೋನು, ಬಸ್ಸಿನ ಪಾಸು ಮಾತ್ರ ಸ್ಕರ್ಟಿನ ಜೇಬಿನಲ್ಲಿದ್ದವು. ಕೋಟಿನ ಒಳಗೆ ಕತ್ತಿನ ಸುತ್ತ ಅಳತೆ ಟೇಪು ಇನ್ನೂ ಜೋತಾಡುತ್ತಿದೆಯೆಂದು ಆಗ ಗೊತ್ತಾಗಿ, ಅದನ್ನು ಒಳಕ್ಕೆ ತುರುಕಿಕೊಂಡಳು. ಎಷ್ಟು ಹೊತ್ತಾಯಿತೋ, ಅವನನ್ನು ಹೊರಗೆ ತಂದರು. ಬನಿಯನ್ನಿನಲ್ಲೇ. ಮುಂದಕ್ಕೆ ಕಟ್ಟಿದ ಕೈಗಳಿಂದ, ಬರಿ ಹೆಗಲಿಂದ, ಚಳಿಗೆ ಹಬೆ ಏಳುತ್ತಿತ್ತು, ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯಿಂದ ಏಳುವಂತೆ. ಸ್ವೆಟರು ಒಳಗಿನ ಮೊಳೆಯ ಮೇಲಿರುವುದು ಅವಳಿಗೆ ಗೊತ್ತು. ಆ ಹೆಂಗಸಿಗೂ ಗೊತ್ತಾಗಬೇಕಿತ್ತಲ್ಲ, ಬಾಗಿಲು ಹಿಡಿದವಳಿಗೆ. ಅವನು ಆಕಾಶ ನೋಡಿದ, ಅಂಗಡಿಯ ಬೋರ್ಡು ನೋಡಿದ, ವ್ಯಾನಿನ ಚಕ್ರ ನೋಡಿದ. ಬಸ್ ನಿಲ್ದಾಣವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ. ಮೈಮೇಲೆ ಇಷ್ಟು ದಪ್ಪನೆಯ ಕೋಟಿದೆ, ದಾಟಿ ಹೋಗಿ ಅವನ ಹೆಗಲಿಗೆ ಹಾಕಬಹುದು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದು ನಿಜ. ಅಷ್ಟರಲ್ಲಿ ಬಸ್ಸು ಬಂತು. ಅದು ಎಲ್ಲಿಗೆ ಹೋಗುವ ಬಸ್ಸೆಂದು ನೋಡದೆ ಹತ್ತಿ, ಆಚೆ ಬದಿಯ ಸೀಟಿನಲ್ಲಿ ಕೂತಳು.

ಅವಳ ವೀಸಾ ತೀರಿದ ದಿನ ಏನೂ ಆಗಿರಲಿಲ್ಲ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ ನೆನಪಾದದ್ದು ಅದೇ ದಿನ. ತಂಗಿಯ ಹೆರಿಗೆಗೆಂದು ಬಂದವಳು. ಹೆರಿಗೆ ಕಷ್ಟವಾಯಿತು, ತಂಗಿ ಹಾಸಿಗೆ ಹಿಡಿದಳು, ಮಗು ಇವಳ ಕೈಗೆ ಬಂತು. “ಇನ್ನೊಂದು ಸ್ವಲ್ಪ ದಿನ ಇರು ಅಕ್ಕ, ನಿನ್ನ ದಮ್ಮಯ್ಯ” ಎಂದು ತಂಗಿ ಕೈ ಹಿಡಿದುಕೊಂಡಿದ್ದಳು. ಅವಧಿ ವಿಸ್ತರಿಸಲು ಹಾಕಿದ ಅರ್ಜಿ ತಿರಸ್ಕೃತವಾಯಿತು. ಕೊನೆಯ ದಿನ ಬೆಳಿಗ್ಗೆ ಅವಳು ಮಗುವಿಗೆ ಎಣ್ಣೆ ಒತ್ತಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಎಲ್ಲಾದರೂ ಗಂಟೆ ಬಾರಿಸುತ್ತದೇನೋ, ಯಾರಾದರೂ ಬಾಗಿಲು ಬಡಿಯುತ್ತಾರೇನೋ ಎಂದು ಕಿವಿ ನಿಮಿರಿತ್ತು. ಮಗು ಸೀನಿತು. ನಲ್ಲಿ ತೊಟ್ಟಿಕ್ಕಿತು. ಸಾಯಂಕಾಲವಾಯಿತು. ಮರುದಿನವೂ ಮಗುವಿಗೆ ನೀರು ಹಾಕಿದಳು. ಕಾನೂನು ಮುರಿಯುವುದೆಂದರೆ ಇಷ್ಟು ಮೆತ್ತಗಿನ ಕೆಲಸವೇ ಎಂದು ಆಶ್ಚರ್ಯವಾಗಿತ್ತು. ಏನೂ ಮಾಡದೆ, ಇದ್ದಲ್ಲೇ ಇದ್ದು, ಅವಳು ಅಪರಾಧಿಯಾಗಿದ್ದಳು. ಆಮೇಲೆ ಮನೆಗೆ ಯಾರು ಬಂದರೂ ತಂಗಿಯ ಗಂಡ, “ನಮ್ಮ ಅತ್ತಿಗೆ. ಮೊನ್ನೆ ಬಂದ್ರು, ಇನ್ನೇನು ಹೊರಡ್ತಾರೆ” ಎಂದು ಪರಿಚಯ ಮಾಡಿಕೊಡುತ್ತಿದ್ದ. ಮಗು ತೆವಳಿತು, ನಡೆಯಿತು, ಶಾಲೆಗೆ ಹೋಯಿತು. ಅವಳು ಮೊನ್ನೆ ಬಂದವಳು, ಇನ್ನೇನು ಹೊರಡುವವಳು. ಒಮ್ಮೆ ಹಾಗೆ ಪರಿಚಯವಾಗಿದ್ದ ಅತಿಥಿಯೊಬ್ಬರು ಎರಡನೆಯ ಸಲ ಬಂದು, “ಮತ್ತೆ ಬಂದ್ರಾ?” ಎಂದು ಕೇಳಿದಾಗ ಮೂವರೂ ಒಟ್ಟಿಗೆ ನಕ್ಕಿದ್ದರು. ಆ ನಗು ಮುಗಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅವರ ಸ್ವಂತ ಕಾಗದಪತ್ರಕ್ಕೆ ತನ್ನಿಂದ ಸಂಚಕಾರ ಬರುತ್ತದೆಂದು ಹೊಳೆದಾಗ ಅವಳೇ ಮನೆ ಬಿಟ್ಟಳು. ಬೇಡ ಎಂದು ತಂಗಿ ಅತ್ತಳು. ಅವಳ ಗಂಡ ಪೆಟ್ಟಿಗೆ ಎತ್ತಿಕೊಟ್ಟ.

ಫೋನು ನಡುಗಿತು. ಯಜಮಾನಿ. “ಎಲ್ಲಿದ್ದೀಯ? ಬೇಡ, ಹೇಳ್ಬೇಡ. ಇನ್ನು ಅಂಗಡಿ ಕಡೆ ಬರಬೇಡ. ಆ ಕೋಟು ಮಾತ್ರ ಹೇಗಾದ್ರೂ ಮಾಡಿ ಕಳಿಸು, ಗಿರಾಕಿ ನಾಳೆ ಬರ್ತಾಳೆ.” ಆಮೇಲೆ ಸ್ವಲ್ಪ ತಡೆದು, “ಪಾಪ, ಒಳ್ಳೆ ಕೆಲಸಗಾರ” ಅಂದಳು, ತೀರಿಹೋದವರ ಬಗ್ಗೆ ಹೇಳುವ ದನಿಯಲ್ಲಿ.

ಅವಳು ಬಸ್ಸು ಬದಲಿಸಿ ತಂಗಿಯ ಮನೆಗೆ ಹೋದಳು. ತಂಗಿ ಬಾಗಿಲಿನ ಸರಪಳಿ ತೆಗೆಯದೆ ಇಣುಕಿದಳು. ಅಕ್ಕನ ಮುಖ ನೋಡುವ ಮೊದಲು ಅಕ್ಕನ ಹಿಂದಿನ ಬೀದಿಯನ್ನು ನೋಡಿದಳು. ಆಮೇಲೆ ಒಳಗೆ ಎಳೆದುಕೊಂಡು, ಬಾಗಿಲು ಹಾಕಿ, ಬಾಗಿಲಿಗೇ ಒರಗಿ ನಿಂತಳು. ನಡೆದದ್ದನ್ನು ಕೇಳುತ್ತ ಕೇಳುತ್ತ ಅವಳ ಮುಖ ಬಿಳಿಚಿಕೊಂಡಿತು.

“ನಿನ್ನ ಹಿಂದೆ ಯಾರಾದ್ರೂ ಬಂದ್ರಾ?” ಎಂದಳು. ಕೇಳಿದ ಮೇಲೆ ತನ್ನ ಪ್ರಶ್ನೆ ತನಗೇ ಚುಚ್ಚಿದಂತಾಗಿ, “ಊಟ ಆಯ್ತಾ ಅಕ್ಕ?” ಎಂದಳು.

ತಟ್ಟೆಯ ಮುಂದೆ ಕೂತಾಗ ಹಸಿವಾಗಿದ್ದದ್ದು ಗೊತ್ತಾಯಿತು. ಅಣ್ಣ ಈಗ ಎಲ್ಲಿ ಕೂತಿರುತ್ತಾನೋ, ಯಾರಾದರೂ ಒಂದು ಲೋಟ ನೀರಾದರೂ ಕೊಟ್ಟರೋ ಇಲ್ಲವೋ ಎಂದುಕೊಳ್ಳುತ್ತಲೇ ಅವಳು ಎರಡನೆಯ ಸಲ ಬಡಿಸಿಕೊಂಡಳು. ಹಾಗೆ ಬಡಿಸಿಕೊಂಡ ತನ್ನ ಕೈಯನ್ನು ನೋಡಿ ಅವಳಿಗೆ ಹೇಸಿಗೆಯಾಯಿತು. ಆದರೂ ತಿಂದಳು.

“ಒಂದೆರಡು ದಿನ ಇರ್ಲೇನೇ?”

ತಂಗಿ ಮೇಜಿನ ಮೇಲೆ ಬಿದ್ದ ಅಗುಳನ್ನು ಬೆರಳಲ್ಲಿ ಒತ್ತಿ ತೆಗೆದಳು. “ಮುಂದಿನ ತಿಂಗಳು ನಮ್ಮನ್ನ ಕರೆದಿದ್ದಾರೆ ಅಕ್ಕ. ಪೌರತ್ವದ್ದು. ಮನೇಲಿ ಯಾರ್ಯಾರಿದ್ದೀರಿ, ಯಾರು ಬಂದು ಹೋಗ್ತಾರೆ, ಎಲ್ಲಾ ಕೇಳ್ತಾರಂತೆ. ಸುಳ್ಳು ಹೇಳೋಕೆ ನಂಗೆ ಬರಲ್ಲ. ನಿಂಗೆ ಗೊತ್ತಲ್ಲ.”

ಗೊತ್ತಿತ್ತು. ಚಿಕ್ಕವರಿದ್ದಾಗ ಏನು ಒಡೆದರೂ ಇಬ್ಬರ ಪರವಾಗಿ ಸುಳ್ಳು ಹೇಳುತ್ತಿದ್ದವಳು ತಾನೇ. ತಂಗಿ ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತಿದ್ದರು. “ಇರ್ಲಿ ಬಿಡೇ, ಸುಮ್ನೆ ಕೇಳಿದೆ” ಎಂದಳು. “ಸೂಜಿ ದಾರ ಇದ್ರೆ ಕೊಡು. ಈ ತೋಳು ಮುಗಿಸಿಬಿಡ್ತೀನಿ.” ತಂಗಿಯ ಮುಖದಲ್ಲಿ ಇಳಿದ ನಿರಾಳವನ್ನು ನೋಡಬಾರದೆಂದು ಕೋಟನ್ನು ಬಿಚ್ಚಿ, ತೋಳನ್ನು ಒಳಮೈ ಮಾಡಿಕೊಂಡು, ತಲೆ ಬಗ್ಗಿಸಿದಳು. ಕೈ ತನ್ನಷ್ಟಕ್ಕೆ ಹೊಲಿಯಿತು. ಎಡ ತೋಳಿನ ಪಿನ್ನುಗಳನ್ನು ಒಂದೊಂದಾಗಿ ತೆಗೆಯುವಾಗ ಮಣಿಕಟ್ಟಿನ ಸುತ್ತ ಸಣ್ಣ ಕೆಂಪು ಚುಕ್ಕೆಗಳು ಕಂಡವು. ಚುಚ್ಚಿದ್ದೇ ಗೊತ್ತಾಗಿರಲಿಲ್ಲ.

ಬಲ ತೋಳು ಅರ್ಧವಾಗಿದ್ದಾಗ ಶಾಲೆಯಿಂದ ತಂಗಿಯ ಮಗಳು ಬಂದಳು. ಬಾಗಿಲಲ್ಲೇ ನಿಂತು, ಚೀಲವನ್ನು ಕೆಳಗೆ ಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿದಳು. ಎಷ್ಟು ಎತ್ತರವಾಗಿದ್ದಾಳೆ. ಮುಂದಿನ ಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿದೆ, ಮುಖಕ್ಕಿಂತ ಹಲ್ಲೇ ಮುಂದೆ ಬೆಳೆದಂತೆ. ಹೊಲಿಯುತ್ತಿದ್ದ ಕೈ ನಿಂತಿತು. ಗುರುತು ಹಿಡಿಯದಿದ್ದರೆ? ಕಾಲ ಮೇಲೆ ಮಲಗಿಸಿ ನೀರು ಹಾಕಿದ್ದು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ತಿರುಗಿದ್ದು, ಮೊದಲ ಮಾತಿಗೆ ತಂಗಿಯನ್ನು ಬಿಟ್ಟು ತನ್ನನ್ನೇ ಅಮ್ಮ ಎಂದು ಕರೆದದ್ದು, ಆಗ ತಂಗಿ ನಕ್ಕದ್ದು, ನಕ್ಕು ಒಳಗೆ ಹೋದದ್ದು. ಅವೆಲ್ಲ ಒಂದು ಉಸಿರಿನಲ್ಲಿ ಬಂದು ಹೋದವು.

“ದೊಡ್ಡಮ್ಮ! ಊರಿಂದ ಯಾವಾಗ ಬಂದೆ?”

ಅವಳು ತಂಗಿಯ ಕಡೆ ನೋಡಿದಳು. ತಂಗಿ ಗೋಡೆಯ ಕಡೆ ನೋಡುತ್ತಿದ್ದಳು.

“ಅಪ್ಪ ಹೇಳಿದ್ರು, ನೀನು ಏರೋಪ್ಲೇನಲ್ಲಿ ಊರಿಗೆ ಹೋದೆ ಅಂತ. ನಂಗೆ ಟಾಟಾನೂ ಮಾಡಿಲ್ಲ ನೀನು.”

ಇಷ್ಟು ದಿನ, ಹತ್ತಿರದಲ್ಲೇ, ಒಂದೇ ಬಸ್ಸಿನ ದಾರಿಯಲ್ಲಿ, ಇನ್ನಿಬ್ಬರ ಜೊತೆ ಒಂದು ಕೋಣೆಯಲ್ಲಿ ಅವಳಿದ್ದಳು. ಮಗುವಿನ ಲೆಕ್ಕದಲ್ಲಿ ಸಮುದ್ರ ದಾಟಿ ಹೋಗಿಯಾಗಿತ್ತು. ಕೊನೆಗೂ ತನ್ನನ್ನು ಗಡಿಪಾರು ಮಾಡಿದ್ದು ಯಾವ ಸರಕಾರವೂ ಅಲ್ಲ ಎಂದು ನಗು ಬಂದಂತಾಯಿತು.

“ಇವತ್ತು ಬೆಳಿಗ್ಗೆ ಬಂದೆ ಚಿನ್ನ.”

“ನಂಗೇನು ತಂದೆ?”

ಏನು ತಂದಳು? ಯಾರದೋ ಕೋಟು. ಕೈ ತಾನಾಗಿ ಕತ್ತಿಗೆ ಹೋಯಿತು. ಅಳತೆ ಟೇಪನ್ನು ತೆಗೆದು ಹಿಡಿದಳು. ಹುಡುಗಿ ಅದನ್ನು ಎಳೆದು, ಸುತ್ತಿ, ಮತ್ತೆ ಎಳೆದು, “ನನ್ನ ಎತ್ತರ ನೋಡು” ಎಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ಅವಳು ಮೊಣಕಾಲೂರಿ ಹಿಮ್ಮಡಿಯಿಂದ ಟೇಪು ಹಿಡಿದು ಮೇಲಕ್ಕೆ ಏರಿಸುತ್ತ ಹೋದಳು: ಮೀನಖಂಡ, ಮಂಡಿ, ಸೊಂಟ, ಹೆಗಲು, ಕಿವಿ. ತಲೆಯ ಮೇಲೆ ಅಂಗೈ ಇಟ್ಟಾಗ ಕೂದಲಿನ ಬಿಸಿ ತಾಗಿತು. ಅಂಗೈಯನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಬಿಟ್ಟಳು.

“ಎಷ್ಟು? ದೊಡ್ಡಮ್ಮ, ಎಷ್ಟು?”

“ತುಂಬಾ” ಎಂದಳು.

ತಂಗಿಯ ಗಂಡ ಕೆಲಸ ಮುಗಿಸಿ ಬಂದಾಗ ಇನ್ನೂ ಬೆಳಕಿತ್ತು. ಬೂಟು ಬಿಚ್ಚುವ ಮೊದಲು ಹೋಗಿ ಕಿಟಕಿಯ ಪರದೆ ಎಳೆದ. ಆಮೇಲೆ, “ಚೆನ್ನಾಗಿದ್ದೀರಾ ಅತ್ತಿಗೆ?” ಎಂದ. ತಂಗಿ ಕೋಟನ್ನು ಮಡಚಿ ಒಂದು ಚೀಲದಲ್ಲಿ ಹಾಕಿಟ್ಟಿದ್ದಳು. “ಇದನ್ನ ನಾಳೆ ನಾನೇ ಲಾಂಡ್ರಿಗೆ ಕೊಟ್ಟು ಬರ್ತೀನಿ” ಎಂದಳು. ಗಂಡ ತಲೆಯೆತ್ತಿದ. “ನಾನೇ ಹೋಗ್ತೀನಿ” ಎಂದು ಅವಳು ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ ಹೇಳಿದಳು. ತನ್ನ ಹಳೆಯ ಸ್ವೆಟರನ್ನು ತಂದು ಅಕ್ಕನಿಗೆ ತಾನೇ ತೊಡಿಸಿ, ಚಿಕ್ಕ ಮಗುವಿಗೆ ಹಾಕುವಂತೆ ಗುಂಡಿಗಳನ್ನು ಕೆಳಗಿನಿಂದ ಮೇಲಿನವರೆಗೆ ಹಾಕಿದಳು. ಕೊನೆಯ ಗುಂಡಿ ಮಾತ್ರ ಎಷ್ಟು ಒತ್ತಿದರೂ ಕಾಜಕ್ಕೆ ಹೋಗಲೇ ಇಲ್ಲ.

ಅವಳನ್ನು ಕೋಣೆಗೆ ಬಿಟ್ಟುಬರಲು ತಂಗಿಯ ಗಂಡ ಕಾರು ತೆಗೆದ. ಪ್ರತಿ ಸಿಗ್ನಲ್ಲಿನಲ್ಲೂ ಬೇಕಾದದ್ದಕ್ಕಿಂತ ಮೊದಲೇ ನಿಲ್ಲಿಸಿದ. ಅವಳು ಪಕ್ಕದಲ್ಲಿ ಕೂತಿರುವಾಗ ಯಾರೂ ತನ್ನನ್ನು ತಡೆದು ನಿಲ್ಲಿಸದಿರಲಿ ಎಂದು ಅವನು ಅಷ್ಟು ಎಚ್ಚರದಿಂದ ಓಡಿಸುತ್ತಿದ್ದಾನೆಂದು ಅವಳಿಗೆ ತಿಳಿಯಿತು. ತನ್ನ ಮೈಯೇ ಒಂದು ಕಳ್ಳಮಾಲು.

“ನಾನು ಕೆಟ್ಟವನಲ್ಲ ಅತ್ತಿಗೆ.”

“ಹಾಗಂತ ಯಾರಂದ್ರು?”

“ಮಗೂಗೆ ಹಾಗೆ ಹೇಳಬಾರದಿತ್ತು. ಆದ್ರೆ ಅವಳು ದಿನಾ ಕೇಳ್ತಿದ್ಲು. ಶಾಲೇಲಿ ಯಾರ ಹತ್ರ ಆದ್ರೂ ಹೇಳಿಬಿಟ್ರೆ ಅಂತ...” ಅವನು ಬೈದಿದ್ದರೆ, ಮುಖ ಗಂಟಿಕ್ಕಿದ್ದರೆ, ಎಷ್ಟೋ ಹಗುರವಾಗುತ್ತಿತ್ತು. ಅವನು ಭಯಪಟ್ಟಿದ್ದ, ಅಷ್ಟೆ. ಭಯದ ಮೇಲೆ ಸಿಟ್ಟು ಮಾಡುವುದು ಹೇಗೆ? ತಾನೂ ಇವತ್ತು ಬೆಳಿಗ್ಗೆ ಭಯಪಟ್ಟವಳೇ ಅಲ್ಲವೇ, ಬೆಚ್ಚಗಿನ ಕೋಟು ತೊಟ್ಟು ಬಸ್ಸು ಹತ್ತಿದವಳು. ತನ್ನ ಕೋಣೆಯ ಬೀದಿಗೆ ಇನ್ನೂ ದೂರವಿದ್ದಾಗಲೇ, “ಇಲ್ಲೇ ಇಳೀತೀನಿ” ಎಂದಳು. ಅವನು ಬೇಡವೆನ್ನಲಿಲ್ಲ.

ಅಲ್ಲೇ ಒಂದು ಪಾರ್ಕಿನ ಕಂಬಿಯ ಹತ್ತಿರ ನಿಂತು ಅವಳು ಇಸ್ತ್ರಿ ಅಣ್ಣನ ಹೆಂಡತಿಗೆ, ಅತ್ತಿಗೆಗೆ, ಫೋನು ಮಾಡಿದಳು. ಇಲ್ಲಿ ದೀಪ ಹತ್ತುವ ಹೊತ್ತು, ಅಲ್ಲಿ ಆಗಷ್ಟೇ ಬೆಳಗಾಗಿರಬೇಕು. ಬೆಳಿಗ್ಗೆಯಿಂದ ಮುಂದೂಡುತ್ತ ಬಂದಿದ್ದ ಕೆಲಸ ಇದೊಂದೇ. ಹೇಗೆ ಶುರು ಮಾಡುವುದೆಂದು ಬಸ್ಸಿನಲ್ಲಿ, ತಂಗಿಯ ಮನೆಯಲ್ಲಿ, ಹೊಲಿಗೆಯ ನಡುವೆ ಮಾತು ಜೋಡಿಸಿಕೊಂಡಿದ್ದಳು; ಆ ಕಡೆಯಿಂದ “ಏನಮ್ಮ, ಇವತ್ತು ನೀನೇ ಮಾಡಿದ್ದೀಯ?” ಎಂಬ ನಗುವಿನ ದನಿ ಕೇಳಿದೊಡನೆ ಎಲ್ಲ ಚದುರಿ ಹೋಯಿತು.

“ಅತ್ತಿಗೆ, ಅಣ್ಣನ್ನ ಹಿಡ್ಕೊಂಡು ಹೋದ್ರು.”

ಆ ಕಡೆ ನಲ್ಲಿಯ ಸದ್ದು ನಿಂತಿತು.

“ಹೊಡೆದ್ರಾ?”

“ಇಲ್ಲ ಅತ್ತಿಗೆ. ಇಮಿಗ್ರೇಷನ್‌ನವರು. ಹೊಡೆಯಲ್ಲ.”

“ಮತ್ತೆ ಏನು ಮಾಡ್ತಾರೆ ಅವ್ರನ್ನ?”

“ಸ್ವಲ್ಪ ದಿನ ಇಟ್ಕೋತಾರೆ. ಆಮೇಲೆ ಊರಿಗೆ ಕಳಿಸ್ತಾರೆ. ಮತ್ತೆ ಈ ಕಡೆ ಬರೋಕೆ ಬಿಡಲ್ಲ.”

“ಊರಿಗೆ ಅಂದ್ರೆ? ಮನೆಗಾ?”

“ಹೂಂ.”

“ನಿಜವಾಗ್ಲೂ ಮನೆಗೆ ಬರ್ತಾರಾ?”

ಆ ಪ್ರಶ್ನೆಯ ಕೊನೆಯಲ್ಲಿ ದನಿ ಏರಿ ಒಡೆದುಹೋಯಿತು. ಅದು ಅಳುವೋ ನಗುವೋ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಂತೆ ಕೇಳಿಸಿತು. ಅವಳು ಕಂಬಿಯನ್ನು ಹಿಡಿದುಕೊಂಡು ನಿಂತಳು. ಸಾವಿನ ಸುದ್ದಿ ಹೇಳುವವಳಂತೆ ದಿನವಿಡೀ ಎದೆ ಭಾರ ಮಾಡಿಕೊಂಡಿದ್ದಳು. ಆ ಸುದ್ದಿ ಅಲ್ಲಿಗೆ ತಲುಪುವಷ್ಟರಲ್ಲಿ ಬೇರೆಯೇ ಸುದ್ದಿಯಾಗಿತ್ತು.

“ತಪ್ಪು ತಿಳ್ಕೋಬೇಡಮ್ಮ” ಎಂದಳು ಅತ್ತಿಗೆ ಕೊನೆಗೆ. “ನಾನು ಹಾಗೆ ಕೇಳಬಾರದಿತ್ತು. ಅವ್ರಿಗೆ ಎಷ್ಟು ಅವಮಾನ ಆಗಿರುತ್ತೋ ಏನೋ. ಆದ್ರೆ... ನೋಡು, ಅವ್ರು ಟೀಗೆ ಈಗ್ಲೂ ಸಕ್ಕರೆ ಹಾಕ್ಕೋತಾರಾ? ಮೊದ್ಲು ಜಾಸ್ತಿ ಬೇಕಿತ್ತು.”

“ಇಲ್ಲ ಅತ್ತಿಗೆ. ಬಿಟ್ಟು ತುಂಬ ದಿನ ಆಯ್ತು. ಹಲ್ಲು ನೋಯುತ್ತೆ ಅಂತ.”

“ಹೌದಾ” ಎಂದಳು ಆಕೆ. ಅದನ್ನು ತನಗೆ ಇನ್ನೊಬ್ಬಳು ಹೇಳಬೇಕಾಯಿತಲ್ಲ ಎಂಬುದು ಆ ಒಂದು ಮಾತಿನಲ್ಲಿ ಇಣುಕಿ ಮರೆಯಾಯಿತು. “ನೀನು ಹುಷಾರು ಕಣಮ್ಮ. ನಿನ್ನನ್ನ ಹಿಡೀಲಿಲ್ಲವಾ?”

“ಇಲ್ಲ” ಎಂದಳು. ಯಾಕೆ ಹಿಡಿಯಲಿಲ್ಲ ಎಂದು ಹೇಳಲು ಬಾಯಿ ತೆರೆದಳು, ಹಿಂಬಾಗಿಲು, ಕೋಟು, ಮೇಡಂ. ಯಾವುದೂ ಹೊರಗೆ ಬರಲಿಲ್ಲ. ತನ್ನನ್ನು ಹಿಡಿದು ಕಳಿಸಿದ್ದರೆ ನಿಜವಾಗ್ಲೂ ಬರ್ತಾಳಾ ಎಂದು ದನಿ ಏರಿಸಿ ಕೇಳುವವರು ಆ ಕಡೆ ಯಾರೂ ಇರಲಿಲ್ಲ. ಹಾಗೆ ಕೇಳಬಹುದಾದವಳು ಈ ಊರಲ್ಲೇ ಇದ್ದಾಳೆ, ಟೇಪು ಹಿಡಿದುಕೊಂಡು ಮನೆಯ ಕುರ್ಚಿ ಮೇಜುಗಳನ್ನೆಲ್ಲ ಅಳೆಯುತ್ತಿರಬಹುದು. ನಾಳೆಯೋ ನಾಡಿದ್ದೋ ಅವಳಿಗೆ ಮತ್ತೆ ಹೇಳುತ್ತಾರೆ, ದೊಡ್ಡಮ್ಮ ಊರಿಗೆ ಹೋದಳೆಂದು.

ಅಣ್ಣನನ್ನು ಊರ ಹೊರಗಿನ ಒಂದು ಕಟ್ಟಡದಲ್ಲಿ ಚಳಿಗಾಲ ಮುಗಿಯುವವರೆಗೆ ಇಟ್ಟುಕೊಂಡಿದ್ದರಂತೆ. ಅಲ್ಲಿಗೆ ಹೋಗಿ ನೋಡಬೇಕಾದರೆ ಗುರುತಿನ ಚೀಟಿ ತೋರಿಸಬೇಕು. ಅವಳು ಒಮ್ಮೆ ಆ ಕಟ್ಟಡದ ಗೇಟು ಕಾಣುವಷ್ಟು ದೂರದವರೆಗೆ ಹೋಗಿ ವಾಪಸು ಬಂದಳು. ಅದನ್ನು ಯಾರಿಗೂ ಹೇಳಲಿಲ್ಲ. ಹಳೆಯ ಕೋಣೆ ಬಿಟ್ಟಳು. ಒಂದು ಲಾಡ್ಜಿನ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಗೆದು ಮಡಚುವ ಕೆಲಸ ಸಿಕ್ಕಿತು. ಅಲ್ಲಿ ಬೇರೊಂದು ಹೆಸರು ಹೇಳಿ ಸೇರಿದ್ದಳು. ಕಿಟಕಿಯಿಲ್ಲದ ಕೋಣೆ, ದಿನವಿಡೀ ಉರಿಯುವ ಟ್ಯೂಬ್‌ಲೈಟು, ಹಾಸಿಗೆಗಳ ಅಗಲಕ್ಕೆ ತೆರೆದುಕೊಳ್ಳುವ ಕೈಗಳು. ಇಬ್ಬರು ಸೇರಿ ಮಡಚಬೇಕಾದ ದುಪ್ಪಟಿಯನ್ನು ಒಂದು ತುದಿಗೆ ಗಲ್ಲ ಒತ್ತಿ ಒಬ್ಬಳೇ ಮಡಚಲು ಕಲಿತಳು. ಅಲ್ಲಿದ್ದಾಗಲೇ ಒಂದು ದಿನ, ಗುರುತಿಲ್ಲದ ನಂಬರಿನಿಂದ, ಅವನ ದನಿ ಬಂತು.

“ಬಂದು ಸೇರಿದೆ ಕಣೇ.”

ಅವಳು ದುಪ್ಪಟಿಗಳ ರಾಶಿಯ ಮೇಲೆ ಕೂತುಬಿಟ್ಟಳು. ಅವನು ಏನೇನೋ ಹೇಳಿದ. ದಾರಿಯ ಊಟ, ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕೂತ ಪೊಲೀಸಿನವನು ಗೊರಕೆ ಹೊಡೆದದ್ದು, ಬಂದಿಳಿದಾಗ ಹೆಂಡತಿ ತನ್ನನ್ನು ದಾಟಿಕೊಂಡು ಇನ್ನಾರದೋ ಕಡೆ ಓಡಿದ್ದು. “ನನ್ನ ತಲೇಲಿ ಕೂದಲಿಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ ನೋಡು.” ಬಚ್ಚಲಮನೆಯ ಸ್ವಿಚ್ಚು ಎಲ್ಲಿದೆಯೆಂದು ದಿನಾ ಕೇಳಬೇಕಂತೆ. ಊಟಕ್ಕೆ ಕೂತರೆ ಅವನಿಗೇ ಮೊದಲು, ಹೊಸ ತಟ್ಟೆಯಲ್ಲಿ, ಬಡಿಸುತ್ತಾರಂತೆ. “ನಾನು ಒಳಗೆ ಬಂದ್ರೆ ಮಗಳು ಎದ್ದು ನಿಲ್ತಾಳೆ ಕಣೇ, ಮೇಷ್ಟ್ರು ಬಂದ ಹಾಗೆ. ಕೂತ್ಕೋಮ್ಮ ಅಂದ್ರೆ ಕೂತ್ಕೋತಾಳೆ. ಆಮೇಲೆ ಇಬ್ರೂ ಸುಮ್ನೆ ಕೂತಿರ್ತೀವಿ. ಮೊನ್ನೆ ಅವಳ ಬಟ್ಟೆ ಎಲ್ಲ ಇಸ್ತ್ರಿ ಮಾಡಿಟ್ಟೆ. ಹೋಗಿ ಅಮ್ಮನಿಗೆ ಹೇಳಿದ್ಲಂತೆ, ಅವ್ರ ಕೈಲಿ ಯಾಕೆ ಕೆಲಸ ಮಾಡಿಸ್ತೀಯ ಅಂತ.”

ಅವನು ನಗುತ್ತಿದ್ದ. ಆ ನಗುವಿನ ಸಂದಿಯಲ್ಲಿ ಅವಳು, ಇಷ್ಟು ದಿನ ಹೊತ್ತು ತಿರುಗಿದ್ದನ್ನು, ಕೇಳಿಯೇಬಿಟ್ಟಳು.

“ಅಣ್ಣ, ಅವತ್ತು ಹಿಂಬಾಗಿಲು ತೆರೆದೇ ಇತ್ತಲ್ಲ. ಯಾಕೆ ಹೋಗ್ಲಿಲ್ಲ ನೀನು?”

“ಯಾವ ಬಾಗಿಲು?” ಎಂದ. ಆಮೇಲೆ, “ಅಯ್ಯೋ, ಅದಾ! ಅವತ್ತು ಕಾಲೇ ಏಳಲಿಲ್ಲ ಕಣೇ. ಸಾಕಾಗಿಹೋಗಿತ್ತು. ನಿನಗೋಸ್ಕರ ಅಂದ್ಕೊಂಡಿದ್ಯಾ? ಹುಚ್ಚಿ.”

ಅದು ನಿಜವಿದ್ದರೆ, ತನ್ನಿಂದ ಅವನು ಸಿಕ್ಕಿಬಿದ್ದನೆಂದು ಇಷ್ಟು ತಿಂಗಳು ಅವಳನ್ನು ಸುಟ್ಟದ್ದಕ್ಕೆ ಅರ್ಥವೇ ಇಲ್ಲ. ಯಾರೋ ಒಬ್ಬರು ತನಗಾಗಿ ನಿಂತರು ಎಂಬುದೂ ಅದರ ಜೊತೆಗೇ ಹೋಯಿತು. ಅದು ಸುಳ್ಳಿದ್ದರೆ, ಆ ಮನುಷ್ಯ ಎರಡನೆಯ ಸಲ ಅವಳನ್ನು ಪಾರು ಮಾಡುತ್ತಿದ್ದ. ಅವನು ಎಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲನೆಂದು ಅವಳು ಕಣ್ಣಾರೆ ಕಂಡಿದ್ದಳು.

“ನೀನು ಹೇಗಿದ್ದೀಯ?” ಎಂದ.

“ಇದ್ದೀನಿ.”

ಅವನ ಹಿಂದೆ ಎಲ್ಲೋ ಪಾತ್ರೆಯ ಸದ್ದು, ಯಾರೋ ಯಾರನ್ನೋ ಊಟಕ್ಕೆ ಕರೆಯುವುದು ಕೇಳಿತು.

“ಇಲ್ಲಿ ನನ್ನನ್ನ ಯಾರೂ ಹುಡುಕೋದಿಲ್ಲ ತಂಗಿ” ಎಂದ ಅವನು.

ಅವನು ಯಾವ ಮಾತಿನ ಕೊನೆಗೂ ನಗುವವನು. ಅವಳು ಆ ನಗುವಿಗಾಗಿ ಕಾದಳು. ಅದು ಬರಲಿಲ್ಲ. “ಒಳ್ಳೇದಾಯ್ತಲ್ಲ ಅಣ್ಣ” ಎಂದಳು, ಒಳ್ಳೆಯದೋ ಅಲ್ಲವೋ ತಿಳಿಯದೆ. ಅವನು ಹೂಂ ಅಂದನೋ ಇಲ್ಲವೋ, ಲೈನು ಕಡಿದುಹೋಯಿತು. ಮಡಿಲಲ್ಲಿ ಅರ್ಧ ಮಡಚಿದ ದುಪ್ಪಟಿ ಇನ್ನೂ ಬೆಚ್ಚಗಿತ್ತು. ಮೆಟ್ಟಿಲ ಮೇಲಿನಿಂದ ಮೇಲ್ವಿಚಾರಕಿ ಯಾರದೋ ಹೆಸರು ಹಿಡಿದು ಕೂಗಿದಳು. ಯಾರೂ ಓಗೊಡಲಿಲ್ಲ. ಮತ್ತೆ ಕೂಗಿದಳು, ಈ ಸಲ ಸಿಟ್ಟಿನಿಂದ. ಆ ಕೋಣೆಯಲ್ಲಿ ತನ್ನನ್ನು ಬಿಟ್ಟು ಬೇರೆ ಯಾರೂ ಇಲ್ಲವೆಂದೂ, ಆ ಹೆಸರನ್ನು ಕೊಟ್ಟವಳು ತಾನೇ ಎಂದೂ ಆಗ ನೆನಪಾಗಿ, ಅವಳು ಎದ್ದು ನಿಂತು, “ಬಂದೆ” ಎಂದಳು.